ಸ್ವರ್ಗದ ಬಾಗಿಲಲ್ಲಿ ನಿಲ್ಲಿಸಿದ ಕಥೆ

ಜೂನ್ 9

ಮೇಷ್ಟ್ರಿಗೆ,

ಬಸ್ಸು ತಿರುವು ದಾಟುವವರೆಗೂ ಕೈ ಬೀಸುತ್ತ ನಿಂತಿದ್ದೆ. ನೀವು ತಿರುಗಿ ನೋಡಲಿಲ್ಲ. ಪಕ್ಕದ ಸೀಟಿನವರನ್ನು ಆಗಲೇ ಮಾತಿಗೆಳೆದಿದ್ದಿರೋ, ಇಲ್ಲಾ ಧರ್ಮರಾಯನ ಪಾಠವನ್ನು ಬಸ್ಸಿನಿಂದಲೇ ಶುರು ಮಾಡಿಬಿಟ್ಟಿರೋ ಗೊತ್ತಿಲ್ಲ. ಮನೆಗೆ ಬಂದು ಅಭ್ಯಾಸಬಲದಿಂದ ಎರಡು ಲೋಟ ಕಾಫಿ ಮಾಡಿದೆ. ಚೆಲ್ಲಲು ಮನಸ್ಸು ಬರದೆ ಎರಡನ್ನೂ ನಾನೇ ಕುಡಿದೆ.

ಬೆಟ್ಟದ ಮೇಲಿನ ಆಶ್ರಮದಲ್ಲಿ ಫೋನು ಇಟ್ಟುಕೊಳ್ಳುವ ಹಾಗಿಲ್ಲ ಅಂದಾಗ ಸಿಟ್ಟು ಬಂದಿತ್ತು. ಈಗ ಕಾಗದ ಮುಂದಿಟ್ಟುಕೊಂಡು ಕೂತರೆ ನಗು ಬರುತ್ತಿದೆ. ಮದುವೆ ಗೊತ್ತಾದ ಮೇಲೆ ನಿಮಗೆ ಬರೆದದ್ದೇ ಕಡೆ. ಆಮೇಲೆ ಬರೆಯುವಷ್ಟು ದೂರ ನಾವಿಬ್ಬರೂ ಹೋಗಲೇ ಇಲ್ಲ.

ಲ್ಯಾಬಿನಲ್ಲಿ ಹಲ್ಲು ಕಟ್ಟುತ್ತ ಕೂತರೆ ಎಲ್ಲರೂ ನಿಮ್ಮ ಬಗ್ಗೆ ಕೇಳುತ್ತಾರೆ. "ಇಷ್ಟು ವರ್ಷ ಊರ ಮಕ್ಕಳಿಗೆಲ್ಲ ಪಾಠ ಹೇಳಿದರು, ಇನ್ನೊಂದು ವರ್ಷ ತಮಗಾಗಿ ಓದಿಕೊಳ್ಳಲಿ ಅಂತ ನಾನೇ ಕಳಿಸಿದೆ" ಅಂತ ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ. ನಮ್ಮ ಸುತ್ತಿಗೆ ಇದ್ದಾನಲ್ಲ, ಮುಟ್ಟಿದ ಪ್ಲಾಸ್ಟರ್ ಅಚ್ಚನ್ನೆಲ್ಲ ಒಡೆಯುವವನು, ಅವನು ಹೇಳಿದ: "ಅಕ್ಕಾ, ನಾನು ಬೀದಿ ಕೊನೇವರೆಗೆ ಹೋಗಿ ಬರ್ತೀನಿ ಅಂದ್ರೂ ನಮ್ಮನೇಲಿ ವಿಚಾರಣೆ ಆಗುತ್ತೆ. ನೀವು ಒಂದು ವರ್ಷ ಬಿಟ್ರಲ್ಲ, ನಿಮಗೊಂದು ದೊಡ್ಡ ನಮಸ್ಕಾರ."

ಮಗಳು ಫೋನ್ ಮಾಡಿಲ್ಲ. ಆ ದಿನ ನಾನು ಅವಳಿಗೆ ಅಷ್ಟು ಖಾರವಾಗಿ ಹೇಳಬಾರದಿತ್ತು. ಆದರೆ "ಅಪ್ಪ ಓದೋಕೆ ಹೋಗ್ತಿಲ್ಲಮ್ಮ, ತಪ್ಪಿಸ್ಕೊಂಡು ಹೋಗ್ತಿದಾರೆ" ಅಂತ ನಿಮ್ಮ ಎದುರಿಗೇ ಅಂದರೆ ಸುಮ್ಮನಿರಲಿಕ್ಕಾಗುತ್ತದಾ? ಕೋಪ ಇಳಿದ ಮೇಲೆ ತಾನೇ ಮಾಡುತ್ತಾಳೆ.

ನಿಮಗೆ ಒಂದು ಪ್ರಶ್ನೆ. ಪ್ರತಿ ವರ್ಷ ರಜೆಯಲ್ಲಿ ನನಗೂ ಮಗಳಿಗೂ ಮಹಾಭಾರತದ ಕಡೆಯ ಭಾಗ ಓದಿ ಹೇಳುತ್ತಿದ್ದಿರಲ್ಲ, ಐವರೂ ದ್ರೌಪದಿಯೂ ಎಲ್ಲ ಬಿಟ್ಟು ಹಿಮದ ಬೆಟ್ಟ ಹತ್ತುವುದು. ಮೊದಲು ಬೀಳುವವಳು ದ್ರೌಪದಿ. ಧರ್ಮರಾಯ ತಿರುಗಿಯೂ ನೋಡದೆ ನಡೆದ ಅಂತ ನೀವು ಓದುವಾಗಲೆಲ್ಲ ನನಗೆ ಕೇಳಬೇಕೆನಿಸುತ್ತಿತ್ತು. ಯಾಕೆ ನೋಡಲಿಲ್ಲ? ನೀವೀಗ ಅದನ್ನೇ ಓದಲು ಹೋಗಿದ್ದೀರಿ, ತಿಳಿದುಕೊಂಡು ಬರೆಯಿರಿ.

ಅಕ್ಷರ ಕಾಗೆ ಕಾಲು ಗುಬ್ಬಿ ಕಾಲಾಗಿದೆ. ಪೆನ್ನು ಸರಿಯಿಲ್ಲ.

ನಿಮ್ಮ ಹಲ್ಲಮ್ಮ


ಜೂನ್ 20

ಹಲ್ಲಮ್ಮನಿಗೆ,

ನಿನ್ನ ಪತ್ರ ಬಂದಾಗ ನಾವೆಲ್ಲ ಊಟಕ್ಕೆ ಸಾಲಾಗಿ ಕೂತಿದ್ದೆವು. ಇಲ್ಲಿ ಮೊದಲ ಪತ್ರ ನನ್ನದೇ ಎಂದು ಎಲ್ಲರೂ ತಮಾಷೆ ಮಾಡಿದರು. ನನ್ನ ಕೋಣೆ ಚಿಕ್ಕದು. ಒಂದು ಕಬ್ಬಿಣದ ಮಂಚ, ಒಂದು ಮೇಜು, ಕಣಿವೆಗೆ ತೆರೆಯುವ ಒಂದು ಕಿಟಕಿ. ಬೆಳಿಗ್ಗೆ ಮೋಡ ಕಿಟಕಿಯ ಕೆಳಗಿರುತ್ತದೆ. ಪಾಠ ಹೇಳುವ ಹಿರಿಯರನ್ನು ಇಲ್ಲಿ ಎಲ್ಲರೂ ದೊಡ್ಡವರು ಎನ್ನುತ್ತಾರೆ. ಅವರು ಅರ್ಥ ಹೇಳುವುದಕ್ಕಿಂತ ಪ್ರಶ್ನೆ ಕೇಳುವುದೇ ಹೆಚ್ಚು. ಜೀವಮಾನವಿಡೀ ಪ್ರಶ್ನೆ ಕೇಳಿದ ನನಗೆ ಉತ್ತರ ಹೇಳುವ ಕಷ್ಟ ಈಗ ಗೊತ್ತಾಗುತ್ತಿದೆ.

ನಿನ್ನ ಪ್ರಶ್ನೆ ಒಳ್ಳೆಯದು. ಬೆಟ್ಟ ಹತ್ತುವಾಗ ಒಬ್ಬೊಬ್ಬರೂ ಬೀಳುತ್ತಾರೆ. ಪ್ರತಿ ಸಲವೂ ಭೀಮ ಕೇಳುತ್ತಾನೆ, ಇವರು ಯಾಕೆ ಬಿದ್ದರು ಎಂದು. ಧರ್ಮರಾಯ ಕಾರಣ ಹೇಳುತ್ತ ಮುಂದೆ ನಡೆಯುತ್ತಾನೆ. ಅದು ಕಲ್ಲು ಮನಸ್ಸಲ್ಲ. ಅದು ಮೋಹ ಹರಿದವನ ನಡೆ. ಪ್ರತಿಯೊಂದು ಜೀವವೂ ತನ್ನ ಭಾರಕ್ಕೆ ತಾನೇ ಬೀಳುತ್ತದೆ, ಇನ್ನೊಬ್ಬರು ಹೊರಲಾಗುವುದಿಲ್ಲ. ಬಿದ್ದವರ ಪಕ್ಕ ಕೂತರೆ ಕೂತವನ ಪಯಣವೂ ಅಲ್ಲಿಗೇ ಮುಗಿಯಿತು. ಅವನು ನಿಲ್ಲದೆ ನಡೆದದ್ದರಿಂದಲೇ ಕಡೆಗೆ ಒಂದು ನಾಯಿಯ ಜೊತೆ ಸ್ವರ್ಗದ ಬಾಗಿಲು ಮುಟ್ಟಿದ. ಇದನ್ನು ನಿಧಾನವಾಗಿ ಯೋಚಿಸು. ಮೊದಲಿಗೆ ಕಹಿ ಎನಿಸುತ್ತದೆ, ಆಮೇಲೆ ಸಮಾಧಾನ ಕೊಡುತ್ತದೆ.

ಕೈಗೆ ಹೆಚ್ಚು ಕೆಲಸ ಕೊಡಬೇಡ. ಭಾರ ಎತ್ತಬೇಡ. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೋ.

ನಿನ್ನವನು


ಜುಲೈ 2

ಮೇಷ್ಟ್ರಿಗೆ,

ಕಂಬಿ ಹಿಡಿದುಕೋ ಅಂತ ಓದಿ ಕಣ್ಣು ತುಂಬಿ ಬಂತು. ಮೂವತ್ತು ವರ್ಷ ಆ ಮೆಟ್ಟಿಲನ್ನು ಇಳಿದಿದ್ದೇನೆ, ಒಂದು ದಿನ ಈ ಮಾತು ನಿಮ್ಮ ಬಾಯಲ್ಲಿ ಬಂದಿರಲಿಲ್ಲ. ದೂರ ಹೋದರೆ ಹೀಗೆ ಕಾಳಜಿ ಹುಟ್ಟುತ್ತದೆ ಅಂದರೆ ಮೊದಲೇ ಕಳಿಸುತ್ತಿದ್ದೆ.

ಕಂಬಿ ಹಿಡಿಯುವ ಕಾಲವೇ ಬಂದಿದೆ ಅನ್ನಿಸುತ್ತದೆ. ಲ್ಯಾಬಿನಲ್ಲಿ ಒಂದು ಅನಾಹುತವಾಯಿತು. ಒಬ್ಬ ಅಜ್ಜನ ಮೇಲಿನ ಸಾಲು. ಹದಿನಾಲ್ಕೂ ಹಲ್ಲನ್ನು ಮೇಣದಲ್ಲಿ ಕೂರಿಸಿ, ಅವರ ಹಳೆಯ ಫೋಟೋ ನೋಡಿಕೊಂಡು ಮುಂದಿನ ಹಲ್ಲನ್ನು ಒಂದಿಷ್ಟೇ ವಾರೆ ಮಾಡಿದ್ದೆ, ನಕ್ಕರೆ ಅವರದೇ ನಗು ಅನ್ನಿಸಬೇಕು ಅಂತ. ಎತ್ತಿ ಸುತ್ತಿಗೆಯ ಕೈಗೆ ಕೊಡುವಷ್ಟರಲ್ಲಿ ಬೆರಳು ಬಿಟ್ಟೇಬಿಟ್ಟವು. ಹಲ್ಲೆಲ್ಲ ನೆಲದ ಮೇಲೆ. ಅವನು ಮಂಡಿಯೂರಿ ಒಂದೊಂದೇ ಆರಿಸುತ್ತ, "ಅಕ್ಕಾ, ಒಡೆಯೋ ಕೆಲಸ ನಂದು. ನನ್ನ ಹೊಟ್ಟೆ ಮೇಲೆ ಹೊಡೀಬೇಡಿ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಕೈ ನೋಡಿಕೊಂಡೆ.

ಅದಕ್ಕೇ ಕೇಳುತ್ತಿದ್ದೇನೆ. ಮೇ ತಿಂಗಳಲ್ಲಿ ನಾವಿಬ್ಬರೂ ನರದ ಡಾಕ್ಟರಮ್ಮನ ಹತ್ತಿರ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದೆವಲ್ಲ, ಆಸ್ಪತ್ರೆಯಿಂದ ಯಾರಾದರೂ ಫೋನ್ ಮಾಡಿದ್ದರಾ? ನಿಮ್ಮ ನಂಬರನ್ನೇ ಕೊಟ್ಟಿದ್ದೆವು. ಏನೂ ಇಲ್ಲದಿದ್ದರೆ ಅವರು ತಿಳಿಸುವುದಿಲ್ಲ ಅಂತ ನೀವು ಅಂದಿದ್ದು ನೆನಪು. ಅದನ್ನೇ ನಂಬಿಕೊಂಡು ಕೂತಿದ್ದೇನೆ.

ನಿಮ್ಮ ಉತ್ತರವನ್ನು ಯೋಚಿಸಿದೆ. ಸಮಾಧಾನ ಇನ್ನೂ ಬಂದಿಲ್ಲ. ಆ ನಾಯಿಯದೇ ನನಗೆ ತೊಡಕು. ನಾಯಿಯನ್ನು ಬಿಟ್ಟು ಬಾ ಅಂದರೆ ರಥವೇ ಬೇಡ ಅಂದವನು ಅವನು. ನಂಬಿ ಬಂದವರನ್ನು ಬಿಡುವುದು ದೊಡ್ಡ ಪಾಪ ಅಂದವನು. ಹಾಗಾದರೆ ದ್ರೌಪದಿ ನಂಬಿ ಬಂದಿರಲಿಲ್ಲವೇ? ನಾಯಿ ಕಡೆಯವರೆಗೂ ನಡೆಯಿತು, ಅವಳಿಗೆ ನಡೆಯಲಾಗಲಿಲ್ಲ. ಅಷ್ಟೇನಾ ವ್ಯತ್ಯಾಸ? ನಡೆಯಲಾರದವರಿಗೆ ನಿಮ್ಮ ದೊಡ್ಡವರು ಏನು ಹೇಳುತ್ತಾರೆ?

ಹಲ್ಲಮ್ಮ


ಜುಲೈ 15

ಹಲ್ಲಮ್ಮನಿಗೆ,

ಇಲ್ಲಿ ಕೆಲಸ ಹೆಚ್ಚಾಗಿದೆ, ಪತ್ರ ಚಿಕ್ಕದಾದರೆ ಬೇಸರಿಸಬೇಡ. ಬೆಳಿಗ್ಗೆ ಓದು, ಮಧ್ಯಾಹ್ನ ತೋಟದ ಕೆಲಸ, ಸಂಜೆ ಚರ್ಚೆ. ನಿನ್ನ ನಾಯಿಯ ಪ್ರಶ್ನೆಯನ್ನು ಚರ್ಚೆಯಲ್ಲಿ ಇಟ್ಟೆ. ದೊಡ್ಡವರು ನಕ್ಕು, "ಪ್ರಶ್ನೆ ನಿಮ್ಮದಲ್ಲ ಅನ್ಸುತ್ತೆ" ಅಂದರು. ಒಬ್ಬ ಸ್ನೇಹಿತರದು ಅಂದೆ. ನಾಯಿ ಎಂದರೆ ಧರ್ಮವೇ, ವೇಷ ಹಾಕಿ ಬಂದದ್ದು. ಹಾಗಾಗಿ ಅವನು ಕಾಪಾಡಿದ್ದು ಪ್ರಾಣಿಯನ್ನಲ್ಲ, ತತ್ವವನ್ನು.

ಫೋನಿನ ವಿಷಯ. ಹೊರಡುವ ಮುಂಚಿನ ಆ ದಿನಗಳಲ್ಲಿ ಎಷ್ಟೋ ಜನ ಫೋನ್ ಮಾಡುತ್ತಿದ್ದರು, ಎಲ್ಲವೂ ಈಗ ಕಲಸಿಹೋಗಿದೆ. ನೀನು ಸುಮ್ಮಸುಮ್ಮನೆ ಆಸ್ಪತ್ರೆಗೆ ಅಲೆದು ಮನಸ್ಸು ಕೆಡಿಸಿಕೊಳ್ಳಬೇಡ. ವಯಸ್ಸಾಯಿತು, ಬೆರಳು ಸೋಲುತ್ತವೆ. ಲ್ಯಾಬಿಗೆ ಕೆಲವು ದಿನ ರಜೆ ಹಾಕು. ನಾನು ಬಂದ ಮೇಲೆ ಒಟ್ಟಿಗೆ ಹೋಗೋಣ.

ಬೆಚ್ಚಗಿರು.

ನಿನ್ನವನು


ಜುಲೈ 28

ಮೇಷ್ಟ್ರಿಗೆ,

ಆಸ್ಪತ್ರೆಗೆ ಹೋಗಿದ್ದೆ.

ಡಾಕ್ಟರಮ್ಮ ನನ್ನನ್ನು ಕಂಡವರೇ, "ಬನ್ನಿ ಬನ್ನಿ, ಇಷ್ಟು ದಿನ ಯಾಕೆ ಬರಲಿಲ್ಲ? ಔಷಧಿ ಶುರು ಮಾಡೋಕೆ ಕಾಯ್ತಾ ಇದೀನಿ" ಅಂದರು. ಯಾವ ಔಷಧಿ ಅಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮ ಯಜಮಾನ್ರು ಹೇಳಲಿಲ್ವಾ?"

"ಏನು ಹೇಳಬೇಕಿತ್ತು?"

"ಮೇ ಕೊನೇಲೇ ರಿಪೋರ್ಟ್ ಬಂತು. ನಿಮ್ಮನ್ನ ಕರ್ಕೊಂಡು ಬನ್ನಿ ಅಂತ ಅವರಿಗೆ ಫೋನ್ ಮಾಡಿದ್ರೆ ಒಬ್ರೇ ಬಂದ್ರು. ಅವಳಿಗೆ ನಾನೇ ಸಮಯ ನೋಡಿ ಹೇಳ್ತೀನಿ, ನೀವು ಹೇಳ್ಬೇಡಿ ಅಂದ್ರು. ನಾನು ಒಪ್ಕೋಬಾರದಿತ್ತು. ತಪ್ಪಾಯ್ತಮ್ಮ."

ಆಮೇಲೆ ಅವರು ನನಗೆ ಎಲ್ಲ ಹೇಳಿದರು. ಇದು ನರಗಳ ಕಾಯಿಲೆ. ಬೆರಳಿನಿಂದ ಶುರುವಾಗಿದೆ, ತೋಳಿಗೆ, ಕಾಲಿಗೆ, ಕಡೆಗೆ ಮಾತಿಗೂ ನುಂಗುವುದಕ್ಕೂ ಬರುತ್ತದೆ. ವಾಸಿಯಾಗುವುದಿಲ್ಲ. ಔಷಧಿ ನಿಧಾನ ಮಾಡುತ್ತದೆ ಅಷ್ಟೆ. ಬೇಗ ಶುರು ಮಾಡಿದ್ದರೆ ಕೈ ಇನ್ನೊಂದಿಷ್ಟು ಕಾಲ ಉಳಿಯುತ್ತಿತ್ತಾ ಅಂತ ಕೇಳಿದೆ. ಅವರು ಕಿಟಕಿಯ ಕಡೆ ನೋಡಿದರು.

ನೀವು ಏನು ಕೇಳಿದಿರಿ ಅನ್ನುವುದನ್ನೂ ಹೇಳಿದರು, ನಾನು ಒತ್ತಾಯ ಮಾಡಿದ್ದಕ್ಕೆ. ನೋವಾಗುತ್ತದಾ ಅಂತ ನೀವು ಕೇಳಲಿಲ್ಲ. ಎಷ್ಟು ವರ್ಷ ಹಿಡಿಯುತ್ತದೆ, ಎತ್ತಿ ಕೂರಿಸುವುದು ಉಣಿಸುವುದು ಎಲ್ಲ ಮನೆಯವರೇ ಮಾಡಬೇಕಾ ಅಂತ ಕೇಳಿದಿರಿ.

ಆ ಸಂಜೆ ನನಗೆ ಚೆನ್ನಾಗಿ ನೆನಪಿದೆ. ನೀವು ಹಣ್ಣಿನ ಚೀಲ ಹಿಡಿದು ಬಂದಿರಿ. ಅಡುಗೆಮನೆಯ ಬಾಗಿಲಿಗೆ ಒರಗಿ, "ಯಾಕೋ ಮನಸ್ಸು ಬೆಟ್ಟದ ಕಡೆ ಎಳೀತಿದೆ ಕಣೆ, ಒಂದು ವರ್ಷ ಹೋಗಿ ಓದಲಾ?" ಅಂದಿರಿ. ನಾನು ಸೌಟು ಹಿಡಿದುಕೊಂಡೇ ತಿರುಗಿದೆ. ನಿಮ್ಮ ಕಣ್ಣಲ್ಲಿ ನೀರಿತ್ತು. ಎಂಥ ತಳಮಳ ಪಾಪ, ಕೇಳಲಿಕ್ಕೂ ಸಂಕೋಚಪಡುತ್ತಿದ್ದಾರೆ ಅಂತ ನಾನು ಅಂದುಕೊಂಡೆ. ಹೋಗಿ ಬನ್ನಿ ಅಂದೆ. ನಿಮ್ಮ ಸ್ವೆಟರಿನ ಗುಂಡಿಯನ್ನು ಇದೇ ಬೆರಳಿನಲ್ಲಿ ಹೊಲಿದೆ. ಸೂಜಿಗೆ ದಾರ ಪೋಣಿಸಲಾಗದೆ ನಿಮ್ಮ ಕೈಗೆ ಕೊಟ್ಟೆ. ಪೋಣಿಸಿ ಕೊಟ್ಟಿರಿ. ಗೊತ್ತಿದ್ದೂ ಪೋಣಿಸಿ ಕೊಟ್ಟಿರಿ.

ಮಗಳು ನಿಜ ಹೇಳಿದಳು. ನಾನು ನಿಮ್ಮ ಪರ ನಿಂತು ಅವಳನ್ನು ಬೈದು ಕಳಿಸಿದೆ. ನೀವು ಪಕ್ಕದಲ್ಲಿ ಕೂತು ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡಿರಿ, ದೊಡ್ಡ ತ್ಯಾಗಿಯ ಹಾಗೆ.

ಮೊದಲ ಪತ್ರದಲ್ಲಿ ಪೆನ್ನು ಸರಿಯಿಲ್ಲ ಅಂತ ಬರೆದೆ. ನೀವು ಕೈಗೆ ಹೆಚ್ಚು ಕೆಲಸ ಕೊಡಬೇಡ ಅಂತ ಬರೆದಿರಿ. ಅದನ್ನು ನಾನು ಪ್ರೀತಿ ಅಂದುಕೊಂಡು ದಿಂಬಿನ ಕೆಳಗಿಟ್ಟುಕೊಂಡೆ.

ಈ ವರ್ಷ ನನಗೆ ಎರಡು ಕೈ ಕೊಟ್ಟವು ಮೇಷ್ಟ್ರೇ. ಒಂದು ನನ್ನ ಬಲಗೈ. ಇನ್ನೊಂದು ನೀವು. ಬಲಗೈ ಪಾಪ ಮುಂಚಿತವಾಗಿ ಸೂಚನೆಯನ್ನಾದರೂ ಕೊಟ್ಟಿತ್ತು.


ಆಗಸ್ಟ್ 19

ಹಲ್ಲಮ್ಮ,

ಹಲವು ಸಲ ಬರೆದು ಹರಿದೆ. ಬರೆಯದಿದ್ದರೆ ನೀನು ಇನ್ನೂ ಕೆಟ್ಟದಾಗಿ ಯೋಚಿಸುತ್ತೀಯ ಎಂದು ಇದನ್ನು ಕಳಿಸುತ್ತಿದ್ದೇನೆ.

ನಾನು ನಿನಗೆ ಸುಳ್ಳು ಹೇಳಲಿಲ್ಲ. ಹೇಳಬೇಕಾದ್ದನ್ನು ತಡ ಮಾಡಿದೆ, ಅಷ್ಟೆ. ನೀನು ನಗುತ್ತಿದ್ದೆ, ಕೆಲಸ ಮಾಡುತ್ತಿದ್ದೆ. ಆ ನಗುವನ್ನು ಇನ್ನು ಕೆಲವು ತಿಂಗಳು ಉಳಿಸಬೇಕೆನಿಸಿತು. ಬೆಟ್ಟಕ್ಕೆ ಬರಬೇಕೆಂಬ ಆಸೆ ನನಗೆ ಮೊದಲಿನಿಂದಲೂ ಇತ್ತು, ಅದು ನಿನಗೂ ಗೊತ್ತು. ಆ ದಿನ ಆಸೆಯೂ ರಿಪೋರ್ಟೂ ಒಟ್ಟಿಗೆ ಬಂದದ್ದು ನನ್ನ ದುರದೃಷ್ಟ. ಇಲ್ಲಿ ಬಲ ಕೂಡಿಸಿಕೊಂಡು ಬಂದು ನಿನ್ನ ಜೊತೆ ನಿಲ್ಲೋಣ ಎಂದುಕೊಂಡಿದ್ದೆ. ದುರ್ಬಲನಾಗಿ ನಿಂತು ನಿನಗೆ ಏನು ಉಪಯೋಗ?

ನಿನಗೆ ಹೇಳದ ಒಂದು ವಿಷಯವಿದೆ. ನಮ್ಮ ಅಮ್ಮ ಹಾಸಿಗೆ ಹಿಡಿದಾಗ ನಾನಿನ್ನೂ ಶಾಲೆಯಲ್ಲಿದ್ದೆ. ಅಪ್ಪ ಕೆಲಸ ಬಿಟ್ಟು ನೋಡಿಕೊಂಡರು. ಆ ಕೋಣೆಯ ವಾಸನೆ ನನ್ನ ಪುಸ್ತಕಕ್ಕೂ ಬಟ್ಟೆಗೂ ಅಂಟಿರುತ್ತಿತ್ತು. ಪಕ್ಕದ ಹುಡುಗರು ಸರಿದು ಕೂರುತ್ತಿದ್ದರು. ಅಮ್ಮ ಹೋದಾಗ ಅಪ್ಪ ಮುದುಕರಾಗಿದ್ದರು, ಮಾತು ಮರೆತಿದ್ದರು. ಡಾಕ್ಟರು ಹೇಳುತ್ತಿದ್ದಾಗ ನನಗೆ ಕಂಡದ್ದು ನೀನಲ್ಲ, ಅಪ್ಪನ ಮುಖ.

ಒಂದು ಬೇಡಿಕೆ. ಮಗಳಿಗೆ ಇದೆಲ್ಲ ಹೇಳಬೇಡ. ಕಾಯಿಲೆಯ ವಿಷಯ ಹೇಳು. ನನಗೆ ಮೊದಲೇ ಗೊತ್ತಿತ್ತು ಎಂಬುದು ಬೇಡ. ಅವಳ ಕಣ್ಣಿನಲ್ಲಿ ನಾನು ಬಿದ್ದುಹೋದರೆ ಮತ್ತೆ ಏಳಲಾರೆ.

ಹೊಟ್ಟೆಗೆ ಹಾಕಿಕೋ.

ನಿನ್ನವನು


ಸೆಪ್ಟೆಂಬರ್ 3

ಮೇಷ್ಟ್ರಿಗೆ,

ಔಷಧಿ ಶುರುವಾಗಿದೆ. ಬಾಯಿ ಕಹಿ, ಅದು ಬಿಟ್ಟರೆ ತೊಂದರೆ ಇಲ್ಲ. ಮಗಳಿಗೆ ಯಾವುದನ್ನೂ ಹೇಳಿಲ್ಲ. ನೀವು ಬೇಡಿದಿರಿ ಅಂತಲ್ಲ. ನಿಮ್ಮ ಪರ ವಾದ ಮಾಡಿದ ಬಾಯಲ್ಲಿ ಅವಳಿಗೆ ಯಾವ ಮಾತು ಹೇಳಬೇಕೋ ಗೊತ್ತಾಗುತ್ತಿಲ್ಲ.

ಕೈ ಖಾಲಿ ಇರುವುದು ನನಗೆ ಅಭ್ಯಾಸವಿಲ್ಲ. ನೀವು ಬಿಟ್ಟುಹೋದ ದಪ್ಪ ಪುಸ್ತಕವನ್ನು ದಿಂಬಿಗೆ ಒರಗಿಸಿಕೊಂಡು ಓದುತ್ತಿದ್ದೇನೆ. ಪುಟವನ್ನು ಎಡಗೈ ಹೆಬ್ಬೆರಳಿನಲ್ಲಿ ತಿರುಗಿಸುತ್ತೇನೆ. ಪ್ರತಿ ರಜೆಯಲ್ಲೂ ನೀವು ಓದುವುದನ್ನು ನಾಯಿಯ ಹತ್ತಿರ ನಿಲ್ಲಿಸುತ್ತಿದ್ದಿರಿ. ಸ್ವರ್ಗದ ಬಾಗಿಲು ತೆರೆಯಿತು, ಧರ್ಮರಾಯ ಒಳಗೆ ಹೋದ, ಶುಭಂ ಅಂತ ಮುಚ್ಚಿಬಿಡುತ್ತಿದ್ದಿರಿ. ನಾನೂ ಮಗಳೂ ಕಥೆ ಅಲ್ಲಿಗೇ ಮುಗಿಯಿತು ಅಂದುಕೊಂಡಿದ್ದೆವು. ಮುಗಿದಿಲ್ಲ. ಅದಾದ ಮೇಲೆ ಇನ್ನೂ ಒಂದು ಭಾಗವಿದೆ.

ಒಳಗೆ ಹೋದರೆ ಅಲ್ಲಿ ದುರ್ಯೋಧನ ಆರಾಮಾಗಿ ಕೂತಿದ್ದಾನೆ. ತನ್ನವರು ಯಾರೂ ಇಲ್ಲ. ನನ್ನವರೆಲ್ಲಿ ಅಂತ ಧರ್ಮರಾಯ ಕೇಳುತ್ತಾನೆ. ಒಬ್ಬ ದೂತ ಅವನನ್ನು ಕತ್ತಲೆಯ ದಾರಿಯಲ್ಲಿ ಕರೆದುಕೊಂಡು ಹೋಗುತ್ತಾನೆ. ಕೊಳೆತ ವಾಸನೆ, ಕೆಸರು, ನೊಣ. ನಿಮ್ಮ ಧರ್ಮರಾಯನಿಗೂ ತಡೆಯಲಾಗುವುದಿಲ್ಲ. ಹಿಂದಿರುಗಿ ಹೆಜ್ಜೆ ಹಾಕುತ್ತಾನೆ. ಆಗ ಕತ್ತಲೆಯಿಂದ ದನಿಗಳು: ಸ್ವಲ್ಪ ಹೊತ್ತು ನಿಲ್ಲು, ನೀನು ಇದ್ದರೆ ತಂಪು ಗಾಳಿ ಬರುತ್ತದೆ, ನಮ್ಮ ನೋವು ಕಡಿಮೆಯಾಗುತ್ತದೆ. ಯಾರು ನೀವು ಅನ್ನುತ್ತಾನೆ. ನಾನು ಕರ್ಣ, ನಾನು ಭೀಮ, ನಾನು ಅರ್ಜುನ. ನಾನು ದ್ರೌಪದಿ.

ಅವನು ನಿಲ್ಲುತ್ತಾನೆ. ದೂತನಿಗೆ ಹೇಳುತ್ತಾನೆ, ನೀನು ಹೋಗು, ನಾನು ಬರುವುದಿಲ್ಲ, ನಾನಿರುವುದರಿಂದ ಇವರಿಗೆ ಹಗುರವಾಗುವುದಾದರೆ ನನ್ನ ಜಾಗ ಇದೇ.

ನನಗೆ ತಿಳಿದಷ್ಟು ಹೇಳುತ್ತೇನೆ. ಬೆಟ್ಟದಲ್ಲಿ ತಿರುಗಿ ನೋಡದೆ ನಡೆದದ್ದು ಅವನ ದೊಡ್ಡತನವಲ್ಲ. ಅದು ಬಾಕಿ ಉಳಿದಿತ್ತು. ಈ ಕೆಟ್ಟ ವಾಸನೆಯಲ್ಲಿ ನಿಂತಾಗ ಅದು ತೀರಿತು. ಇಷ್ಟು ದೊಡ್ಡ ಕಥೆ, ಇಷ್ಟೊಂದು ಯುದ್ಧ, ಇಷ್ಟೊಂದು ಉಪದೇಶ, ಎಲ್ಲ ಬಂದು ನಿಲ್ಲುವುದು ಒಬ್ಬ ಮನುಷ್ಯ ಬಿಟ್ಟು ಹೋಗಬಹುದಾಗಿದ್ದ ಜಾಗದಲ್ಲಿ ನಿಂತದ್ದಕ್ಕೆ. ನಿಮ್ಮ ತಂದೆ ಓದಿಕೊಂಡವರೋ ಇಲ್ಲವೋ ನನಗೆ ಗೊತ್ತಿಲ್ಲ. ಅವರು ನಿಂತಿದ್ದರು. ನಿಮಗೆ ಅವರ ಮುಖ ಕಂಡಿತು ಅಂತ ಬರೆದಿದ್ದೀರಿ. ಆ ಮುಖ ನೋಡಿ ಓಡುವ ಬದಲು ಅಪ್ಪಾ ಅಂತ ಒಮ್ಮೆ ಕರೆಯಬಹುದಿತ್ತು.

ಅವನು ನರಕ ನೋಡಬೇಕಾಗಿ ಬಂದದ್ದು ಯಾಕೆ ಅಂತಲೂ ಅಲ್ಲೇ ಇದೆ. ಯುದ್ಧದಲ್ಲಿ ಗುರುವಿಗೆ ಅರ್ಧ ಮಾತನ್ನು ಗಟ್ಟಿಯಾಗಿ, ಇನ್ನರ್ಧವನ್ನು ಮೆತ್ತಗೆ ಹೇಳಿದ್ದಕ್ಕೆ. ಸುಳ್ಳು ಹೇಳಲಿಲ್ಲ, ತಡ ಮಾಡಿದೆ ಅಷ್ಟೆ ಅಂತ ನೀವು ಬರೆದದ್ದನ್ನು ಅದರ ಪಕ್ಕದಲ್ಲಿಟ್ಟು ಓದಿದೆ.

ಇಷ್ಟು ವರ್ಷ ನೀವು ಈ ಭಾಗವನ್ನು ನಮಗೆ ಯಾಕೆ ಓದಲಿಲ್ಲ?

ಬರಬೇಕೆನಿಸಿದರೆ ಬನ್ನಿ. ಕೋಪ ಇದೆ, ಬೈಯುತ್ತೇನೆ. ಆದರೂ ಬಾಗಿಲು ತೆರೆಯುತ್ತೇನೆ.


ಸೆಪ್ಟೆಂಬರ್ 21

ನನ್ನ ಹಲ್ಲಮ್ಮ,

ನಿನ್ನ ಪತ್ರ ನನ್ನನ್ನು ಅಲ್ಲಾಡಿಸಿಬಿಟ್ಟಿತು. ನಿಂತಲ್ಲೇ ಓದಿದೆ. ಮತ್ತೆ ಕೋಣೆಗೆ ಹೋಗಿ ಓದಿದೆ. ನಾನು ಜೀವಮಾನವಿಡೀ ಓದಿ ಕಾಣದ್ದನ್ನು ನೀನು ಹಾಸಿಗೆಯಲ್ಲಿ ಕೂತು ಕಂಡೆ. ನೀನೇ ಸರಿ. ನಿಲ್ಲುವುದೇ ಧರ್ಮ. ನಾನು ಬರುತ್ತೇನೆ.

ಒಂದು ಸಂತೋಷದ ಸುದ್ದಿ ಹೇಳಬೇಕು, ನೀನೂ ಸಂತೋಷಪಡುತ್ತೀಯ. ಶನಿವಾರದ ಸಂಜೆ ಮಾತಾಡಬೇಕಿದ್ದವರಿಗೆ ಜ್ವರ ಬಂತು. ದೊಡ್ಡವರು ನನ್ನ ಕಡೆ ನೋಡಿ, "ಮೇಷ್ಟ್ರೇ, ಏನಾದ್ರೂ ಹೇಳ್ತೀರಾ?" ಅಂದರು. ನಿನ್ನ ಪತ್ರ ಜೇಬಿನಲ್ಲೇ ಇತ್ತು. ಧರ್ಮರಾಯ ನರಕದಲ್ಲಿ ನಿಂತ ಕ್ಷಣದ ಬಗ್ಗೆ ಮಾತಾಡಿದೆ. ಬೆಟ್ಟದ ಬಾಕಿ ಅಲ್ಲಿ ತೀರಿತು ಎಂದೆ. ನಿನ್ನ ಹೆಸರು ಎತ್ತಲಿಲ್ಲ, ಮನೆಯ ಮಾತು ಸಭೆಗೆ ಬೇಡ ಎಂದು. ಕಡೆಯಲ್ಲಿ ಮಾತ್ರ ತಡೆಯಲಾಗಲಿಲ್ಲ. ನನ್ನ ಹೆಂಡತಿ ಕಾಯಿಲೆಯಲ್ಲಿದ್ದಾಳೆ, ನನ್ನ ಮನೆಯಲ್ಲೂ ಒಂದು ನರಕ ನನಗಾಗಿ ಕಾದಿದೆ, ಈ ಬೆಟ್ಟದ ಸ್ವರ್ಗ ಬಿಟ್ಟು ನಾನು ಅಲ್ಲಿಗೆ ಇಳಿಯುತ್ತೇನೆ ಎಂದುಬಿಟ್ಟೆ. ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ಮುಗಿದ ಮೇಲೆ ಎಷ್ಟೋ ಜನ ಬಂದು ಕೈ ಹಿಡಿದುಕೊಂಡರು. ನಿಮ್ಮಂಥವರು ಅಪರೂಪ ಎಂದರು.

ಇದನ್ನೇ ವಿಸ್ತರಿಸಿ ಒಂದಿಷ್ಟು ಸಂಜೆ ಮಾತಾಡಿ, ಧ್ವನಿ ಮುದ್ರಿಸಿಕೊಳ್ಳುತ್ತೇವೆ ಎಂದು ಎಲ್ಲರೂ ಹಿಡಿದುಕೊಂಡಿದ್ದಾರೆ. ಬೇಡ ಎನ್ನುವುದು ಸರಿಯಲ್ಲ. ಅಲ್ಲದೆ ಇದು ನಿನ್ನ ಮಾತೇ, ನಾಲ್ಕು ಜನಕ್ಕೆ ತಲುಪಲಿ. ಅದು ಮುಗಿದೊಡನೆ ಹೊರಡುತ್ತೇನೆ. ಅಕ್ಟೋಬರ್ ಮಧ್ಯಕ್ಕೆ ನಿನ್ನ ಪಕ್ಕದಲ್ಲಿರುತ್ತೇನೆ.

ಮಗಳಿಗೆ ಹೇಳಿಲ್ಲ ತಾನೆ? ನಾನು ಬಂದು ನಿಂತ ಮೇಲೆ ಅದನ್ನು ಹೇಳುವ ಅಗತ್ಯವೇ ಬರುವುದಿಲ್ಲ.

ನಿನ್ನವನು


ಅಕ್ಟೋಬರ್ 4

ಇದು ಮಗಳ ಅಕ್ಷರ. ಹೇಳುತ್ತಿರುವುದು ನಾನು.

ನಿನ್ನ ಪತ್ರ ಬಂದ ದಿನ ಲಕೋಟೆ ಹರಿಯಲು ಬೆರಳು ಒಪ್ಪಲಿಲ್ಲ. ಹಲ್ಲಿನಲ್ಲಿ ಕಚ್ಚಿ ಎಳೆದೆ, ಅದೂ ಆಗಲಿಲ್ಲ. ಮೇಜಿನ ಮೇಲೆ ಹಾಗೇ ಇಟ್ಟು ಮಗಳಿಗೆ ಫೋನ್ ಮಾಡಿದೆ. ಬಾ ಅಂದೆ, ಅಷ್ಟೆ. ಯಾಕೆ ಅಂತ ಕೇಳಲಿಲ್ಲ, ಮೊದಲ ರೈಲಿಗೇ ಬಂದಳು. ಲಕೋಟೆ ತೆರೆದು, ಓದು ಅಂತ ಅವಳಿಗೇ ಕೊಟ್ಟೆ. ಗಟ್ಟಿಯಾಗಿ ಓದಿದಳು. ಮಗಳಿಗೆ ಹೇಳಿಲ್ಲ ತಾನೆ ಅನ್ನುವ ಸಾಲನ್ನೂ ಅವಳೇ ಓದಿದಳು. ಓದಿ, ಉಳಿದ ಪತ್ರಗಳನ್ನು ತೆಗೆಸಿ, ಅವನ್ನೂ ಓದಿದಳು. ನಾನು ಆಗಲೇ ಹೇಳಿರಲಿಲ್ವಾ ಅಂತ ಅನ್ನಬಹುದಿತ್ತು. ಅನ್ನಲಿಲ್ಲ. "ಅಮ್ಮಾ, ಇಷ್ಟು ದಿನ ನಿಂಗೆ ತಲೆ ಬಾಚ್ತಿದ್ದೋರು ಯಾರು?" ಅಂದಳು. ಮೇಲಿನ ಮನೆಯ ಹುಡುಗಿ ಅಂದೆ. ಅದಕ್ಕೆ ಅತ್ತಳು.

ನೀನು ಅಂತ ಬರೆಯುವಾಗ ಅವಳು ಪೆನ್ನು ನಿಲ್ಲಿಸಿದಳು. "ಹಾಗೇ ಬರೀಲಾ ಅಮ್ಮಾ?" ಅಂದಳು. ಹಾಗೇ ಬರಿ ಅಂದೆ.

ಮುಚ್ಚಿಟ್ಟು ಹೋದದ್ದನ್ನು ನಾನು ಹೇಗೋ ನುಂಗಿಕೊಳ್ಳುತ್ತಿದ್ದೆ. ಹೆದರಿದ ಮನುಷ್ಯ, ಓಡಿದ. ಹೆದರಿಕೆ ನನಗೂ ಇದೆ. ಬನ್ನಿ, ಬಾಗಿಲು ತೆರೆಯುತ್ತೇನೆ ಅಂತ ಬರೆದದ್ದು ಸುಳ್ಳಲ್ಲ. ನಿನ್ನ ಸ್ವೆಟರುಗಳನ್ನು ಒಗೆಸಿ ಇಟ್ಟಿದ್ದೆ. ಆದರೆ ನೀನು ಬರುವ ಬದಲು ಮಾತಾಡಿದೆ. ನಾನು ಎಡಗೈಯಲ್ಲಿ ಪುಟ ತಿರುಗಿಸಿ, ಅಳುತ್ತ ಅರ್ಥ ಮಾಡಿಕೊಂಡು, ನಿನಗೊಬ್ಬನಿಗೇ ಅಂತ ಬರೆದ ಮಾತನ್ನು ಜೇಬಿನಿಂದ ತೆಗೆದು ಸಭೆಗೆ ಹಂಚಿದೆ. ನನ್ನ ಪತ್ರ ಓದಿ ಓಡಿಬರಬೇಕಾದವನು ಮೈಕಿನ ಮುಂದೆ ನಿಂತೆ. ನಿಲ್ಲುವುದೇ ಧರ್ಮ ಅಂತ ಬೇರೆ ಅಂದೆ. ಅದನ್ನು ಕೇಳಿ ಅತ್ತವರಿಗೆ ಒಂದು ವಿಷಯ ಮಾತ್ರ ನೀನು ಹೇಳಲಿಲ್ಲ. ಗೊತ್ತಿದ್ದೂ ಬಿಟ್ಟು ಬಂದವನು ನೀನು ಅನ್ನುವುದು. ಮತ್ತೆ ಅದೇ ಅರ್ಧ ಮಾತು.

ನನ್ನ ಮನೆ ನರಕ ಅಂದೆಯಂತೆ. ಒಮ್ಮೆ ಬಂದು ನೋಡಿದ್ದರೆ ಗೊತ್ತಾಗುತ್ತಿತ್ತು. ಲ್ಯಾಬಿನವರು ನನ್ನನ್ನು ಬಿಟ್ಟಿಲ್ಲ. ಕಿಟಕಿಯ ಪಕ್ಕ ಎತ್ತರದ ಕುರ್ಚಿ ಹಾಕಿದ್ದಾರೆ. ನಾನು ಬಾಯಲ್ಲಿ ಹೇಳುತ್ತೇನೆ, ಸುತ್ತಿಗೆ ಮೇಣದ ಚಾಕು ಹಿಡಿದು ಮಾಡುತ್ತಾನೆ. "ಎಡಕ್ಕೆ ಒಂದು ಕೂದಲಷ್ಟು" ಅಂದರೆ "ಅಕ್ಕಾ, ಯಾರ ಕೂದಲು? ನಂದಾ, ನಿಮ್ದಾ?" ಅನ್ನುತ್ತಾನೆ. ಆ ಅಜ್ಜನ ಸಾಲನ್ನು ಮತ್ತೆ ಮಾಡಿ ಕಳಿಸಿದೆವು. ನಿನ್ನೆ ಅಜ್ಜ ತಾವೇ ಬಂದು ಎಲ್ಲರ ಮುಂದೆ ನಕ್ಕು ತೋರಿಸಿ ಹೋದರು. ನಮ್ಮದು ನರಕವಲ್ಲ. ಬಂದು ಅದರಲ್ಲಿ ನಿಂತು ಧರ್ಮರಾಯನಾಗುವ ಪುಣ್ಯ ನಿನಗೆ ಇಲ್ಲಿ ಸಿಗುವುದಿಲ್ಲ.

ಕೋಪ ಇಳಿದ ಮೇಲೆ ಬರೆಸೋಣ ಅಂತ ಕಾದೆ. ಇಳಿಯಲಿಲ್ಲ. ನೆನಪೂ ಹೋಗಲಿಲ್ಲ, ಅದು ಬೇರೆ ಕಷ್ಟ. ನಿನ್ನ ಕೆಮ್ಮು ಕೇಳಿಸಿದ ಹಾಗಾಗಿ ಈಗಲೂ ತಿರುಗಿ ನೋಡುತ್ತೇನೆ.

ಸೋಮವಾರ ಮಗಳ ಜೊತೆ ಅವಳ ಊರಿಗೆ ಹೊರಟಿದ್ದೇನೆ. ಅಲ್ಲೊಂದು ಲ್ಯಾಬಿನಲ್ಲಿ ಹೊಸಬರಿಗೆ ಕಲಿಸಲು ಕೇಳಿದ್ದಾರೆ, ಮಾತು ಇರುವವರೆಗೆ ಕಲಿಸುತ್ತೇನೆ. ಮನೆಯ ಕೀಲಿ ಮೇಲಿನ ಮನೆಯವರ ಹತ್ತಿರ ಇದೆ. ಆ ಮನೆ ನಿನ್ನದೂ ಹೌದು, ಬಂದು ಇರು. ನಾನಿರುವಲ್ಲಿಗೆ ಬರಬೇಡ. ದ್ರೌಪದಿ ಕರೆದಳು, ಅವನು ನಿಂತ. ನಾನು ಕರೆಯುತ್ತಿಲ್ಲ.